ಸರಾಸರಿಯ ಸಾಕ್ಷಿ ಎಲ್ಲಿಯವರೆಗೆ?

ಕ್ಯಾಟ್, ಬ್ಯಾಂಕ್ ಪರೀಕ್ಷೆ, ಕ್ಯಾಂಪಸ್ ಆಯ್ಕೆಯ ಆಪ್ಟಿಟ್ಯೂಡ್ ಟೆಸ್ಟ್, ಯಾವುದಕ್ಕೆ ಓದಿದವರಿಗೂ ಈ ಬಗೆಯ ಪ್ರಶ್ನೆ ಹೊಸದಲ್ಲ. ತರಗತಿಯಲ್ಲಿ 40 ವಿದ್ಯಾರ್ಥಿಗಳು. ಅವರ ಸರಾಸರಿ ಅಂಕ 60. ಖಚಿತವಾಗಿ ಏನು ಹೇಳಬಹುದು? ಅರ್ಧದಷ್ಟು ಮಂದಿಗೆ 60ಕ್ಕಿಂತ ಹೆಚ್ಚು ಬಂದಿದೆ. ಹೆಚ್ಚಿನವರ ಅಂಕ 60ರ ಆಸುಪಾಸಿನಲ್ಲಿದೆ. ಒಬ್ಬರಿಗಾದರೂ ಸರಿಯಾಗಿ 60 ಬಂದಿದೆ. ಒಬ್ಬರಿಗಾದರೂ 60 ಅಥವಾ ಅದಕ್ಕಿಂತ ಹೆಚ್ಚು ಬಂದಿದೆ.

ಸರಿಯುತ್ತರ ಕೊನೆಯದು ಮಾತ್ರ. 24 ಮಂದಿಗೆ 40, ಉಳಿದ 16 ಮಂದಿಗೆ 90 ಬಂದಿದ್ದರೂ ಸರಾಸರಿ 60 ಆಗುತ್ತದೆ. ಮೊದಲ ಮೂರು ಹೇಳಿಕೆಗಳೂ ಸುಳ್ಳಾಗುತ್ತವೆ. ತರಗತಿಯ ಇಂಥ ಹುಡುಗಿಗೆ ಎಷ್ಟು ಬಂದಿರಬಹುದು ಎಂದು ಕೇಳಿದರೆ ಸರಾಸರಿಯ ಬಳಿ ಉತ್ತರವೇ ಇಲ್ಲ. ಅದು ಜೋಪಾನವಾಗಿ ಉಳಿಸಿಕೊಳ್ಳುವುದು ಒಂದನ್ನೇ, ಮೊತ್ತವನ್ನು. 60ನ್ನು 40ರಿಂದ ಗುಣಿಸಿದರೆ ಒಟ್ಟು ಅಂಕ ಸಿಗುತ್ತದೆ. ಆ ಮೊತ್ತ ಯಾರ ಯಾರ ನಡುವೆ ಹೇಗೆ ಹಂಚಿಹೋಗಿತ್ತು ಎಂಬುದು ಭಾಗಾಕಾರ ಮಾಡಿದ ಗಳಿಗೆಯಲ್ಲೇ ಅಳಿಸಿಹೋಗಿರುತ್ತದೆ.

ಪರೀಕ್ಷೆಯಲ್ಲಿ ಇದನ್ನು ಸರಿಯಾಗಿ ಬಿಡಿಸಿದವರೇ ಹೊರಗೆ ಬಂದ ಮೇಲೆ ಮರೆಯುತ್ತಾರೆ. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ ಎಂದು ಓದಿದ ತಕ್ಷಣ, ಆಗಿನ ಜನ ಮೂವತ್ತಕ್ಕೇ ಮುದುಕರಾಗುತ್ತಿದ್ದರು ಎಂದುಕೊಳ್ಳುತ್ತೇವೆ. ಹತ್ತು ಮಂದಿಯಲ್ಲಿ ನಾಲ್ವರು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡು, ಆರು ಮಂದಿ 55 ವರ್ಷ ಬದುಕಿದರು ಎಂದು ಊಹಿಸಿ. ಸರಾಸರಿ 33. ಆದರೆ 33ನೇ ವಯಸ್ಸಿನಲ್ಲಿ ಸತ್ತವರು ಒಬ್ಬರೂ ಇಲ್ಲ. ವಾಸ್ತವ ಇಷ್ಟು ಸರಳವಾಗಿರಲಿಲ್ಲ, ನಡುವಯಸ್ಸಿನಲ್ಲಿ ರೋಗಕ್ಕೆ ತುತ್ತಾದವರೂ ಬಹಳ. ಆದರೂ ಆ ಸಂಖ್ಯೆಯನ್ನು ಅಷ್ಟು ಕೆಳಗೆ ಎಳೆದದ್ದು ಮುಖ್ಯವಾಗಿ ಎಳೆಯ ಮಕ್ಕಳ ಸಾವು. ನಮ್ಮ ಮುತ್ತಜ್ಜಿಯರು ಹೆತ್ತು ಕಳೆದುಕೊಂಡ ಕೂಸುಗಳನ್ನು ಸರಾಸರಿ ನಮ್ಮ ಕಣ್ಣಿಂದ ಮರೆಮಾಡುತ್ತದೆ. ತಪ್ಪಾಗಿ ಓದಿದರೆ ಲೆಕ್ಕವಷ್ಟೇ ಅಲ್ಲ, ಯಾರ ದುಃಖ ಎಂಬುದೂ ತಪ್ಪುತ್ತದೆ.

ಊರು ಬಿಟ್ಟು ಬಂದ ನಮಗೆ ಇನ್ನೂ ಹತ್ತಿರದ ಉದಾಹರಣೆ ಅಮೆರಿಕದ್ದು. 1950ರಲ್ಲಿ ಸಮಾಜಶಾಸ್ತ್ರಜ್ಞ ಡಬ್ಲ್ಯು. ಎಸ್. ರಾಬಿನ್ಸನ್ ಅಲ್ಲಿಯ 1930ರ ಜನಗಣತಿಯನ್ನು ಪರಿಶೀಲಿಸಿ ಒಂದು ಲೇಖನ ಬರೆದರು. ವಿದೇಶದಲ್ಲಿ ಹುಟ್ಟಿದವರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ಹಾಗಾದರೆ ವಲಸಿಗರು ಹೆಚ್ಚು ಅಕ್ಷರಸ್ಥರೇ? ಒಬ್ಬೊಬ್ಬರ ಲೆಕ್ಕ ತೆಗೆದರೆ ಫಲಿತಾಂಶ ತಿರುವುಮುರುವು: ಸ್ಥಳೀಯರಿಗಿಂತ ವಲಸಿಗರಲ್ಲೇ ಅನಕ್ಷರತೆ ಹೆಚ್ಚು. ಸ್ಥಳೀಯರು ಚೆನ್ನಾಗಿ ಓದಿದ್ದ ರಾಜ್ಯಗಳಲ್ಲೇ ವಲಸಿಗರು ಹೋಗಿ ನೆಲೆಸಿದ್ದರು, ಅಷ್ಟೆ. ರಾಜ್ಯದ ಅಂಕಿಯನ್ನು ಮನುಷ್ಯನ ಮೇಲೆ ಹೊರಿಸಿದರೆ ಅದು ಸ್ವಲ್ಪ ತಪ್ಪಾಗುವುದಲ್ಲ, ಪೂರ್ತಿ ಉಲ್ಟಾ ಕೂಡ ಆಗಬಹುದು.

ಹಾಗೆಂದು ಸರಾಸರಿಯನ್ನೇ ಬಿಟ್ಟುಬಿಡಬೇಕೆ? ನನ್ನ ಕೆಲಸವೇ ನಿಂತುಹೋದೀತು. ತಂಡ ಎರಡು ವಾರಕ್ಕೆ ಸರಾಸರಿ ಎಷ್ಟು ಕೆಲಸ ಮುಗಿಸುತ್ತದೆ ಎಂದು ನೋಡಿಯೇ ನಾನು ಗ್ರಾಹಕರಿಗೆ ದಿನಾಂಕ ಕೊಡುವುದು. ಅದು ನ್ಯಾಯವಾದ ಬಳಕೆ, ಏಕೆಂದರೆ ಗ್ರಾಹಕರು ಕೇಳುತ್ತಿರುವುದು ಮೊತ್ತವನ್ನು. ಶಾಲೆಯ ಬಿಸಿಯೂಟಕ್ಕೆ ಎಷ್ಟು ಅಕ್ಕಿ ಬೇಕು, ವಿಮಾ ಕಂಪನಿಯ ನಿಧಿಯಲ್ಲಿ ಎಷ್ಟು ಹಣವಿರಬೇಕು, ಇವೆಲ್ಲ ಮೊತ್ತದ ಪ್ರಶ್ನೆಗಳೇ. ಅದೇ ಸಂಖ್ಯೆ ಹಿಡಿದು ತಂಡದ ಒಬ್ಬಳ ಅಪ್ರೈಸಲ್ ಬರೆಯಲು ಕೂತರೆ ಪ್ರಶ್ನೆ ಬದಲಾಗಿರುತ್ತದೆ. ಉತ್ತರ ಭಾರತದಲ್ಲಿ ಒಬ್ಬ ಲೆಕ್ಕಿಗನ ಹಳೆಯ ಕತೆ ಹೇಳುತ್ತಾರೆ. ನದಿಯ ಸರಾಸರಿ ಆಳ ಲೆಕ್ಕಹಾಕಿ, ದಾಟಬಹುದು ಎಂದು ಮನೆಯವರನ್ನು ಇಳಿಸಿದ. ಲೆಕ್ಕ ಸರಿಯಿತ್ತು, ಹುಡುಗ ಮುಳುಗಿದ. ನದಿ ದಾಟುವವನಿಗೆ ಬೇಕಾದದ್ದು ಅತಿ ಆಳದ ಜಾಗ ಎಲ್ಲಿದೆ ಎಂಬ ಮಾಹಿತಿ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. "ಖಚಿತವಲ್ಲ, ಒಪ್ಪಿದೆ. ಆದರೆ ಸಂಭವವಾದರೂ ಹೆಚ್ಚಲ್ಲವೇ? ಆ ಕಾಲೇಜಿನವರು ಸರಾಸರಿ ಒಂದೂವರೆ ವರ್ಷಕ್ಕೆ ಕೆಲಸ ಬಿಡುತ್ತಾರೆ ಎಂದಾದರೆ ಈ ಹುಡುಗನೂ ಬಿಡಬಹುದಲ್ಲ?" ಸಂಭವದ ಮಾತಾಡುವುದಕ್ಕೂ ಸರಾಸರಿಯೊಂದೇ ಸಾಲದು, ಅಂಕಿಗಳು ಹೇಗೆ ಹರಡಿವೆ ಎಂದು ತಿಳಿದಿರಬೇಕು. ಕೆಲವರು ಎರಡೇ ತಿಂಗಳಿಗೆ ಬಿಟ್ಟು, ಇನ್ನು ಕೆಲವರು ಐದು ವರ್ಷ ಉಳಿದರೂ ಒಂದೂವರೆ ವರ್ಷದ ಸರಾಸರಿ ಬರಬಹುದು.

ಇನ್ನೊಂದು ಮಾತು: ಊಹೆ ತಪ್ಪಾದರೆ ಬೆಲೆ ತೆರುವವರು ಯಾರು? ಬ್ಯಾಚುಲರ್‌ಗಳಿಗೆ ಮನೆ ಕೊಡುವುದಿಲ್ಲ ಎಂಬ ಮಾಲೀಕರಿಗೆ ವಾರದಲ್ಲಿ ಬೇರೆ ಬಾಡಿಗೆದಾರ ಸಿಗುತ್ತಾನೆ. ತಮ್ಮ ಊಹೆ ತಪ್ಪಿತ್ತೆಂದು ಅವರಿಗೆ ಎಂದೂ ತಿಳಿಯುವುದೇ ಇಲ್ಲ. ಬ್ಯಾಗು ಹಿಡಿದು ಮುಂದಿನ ಗಲ್ಲಿಗೆ ಹೋಗುವವನು ಹುಡುಗ. ಮುಂಬೈ, ಪುಣೆ, ಚೆನ್ನೈಗಳಲ್ಲಿ ಮನೆ ಹುಡುಕಿದ ನಮ್ಮಲ್ಲಿ ಹಲವರು ಆ ಹುಡುಗನಾಗಿದ್ದವರೇ. ಅದೇ ನಾವು ಈಗ ರೆಸ್ಯೂಮೆಗಳನ್ನು ಸೋಸುವ ಕುರ್ಚಿಯಲ್ಲಿದ್ದೇವೆ.

800 ರೆಸ್ಯೂಮೆಗಳಿದ್ದಾಗ ಎಲ್ಲರನ್ನೂ ಕರೆದು ಮಾತಾಡಿಸಲಾಗದು ಎಂಬುದೂ ನಿಜ. ಜರಡಿ ಬೇಕೇ ಬೇಕು. ಆದರೆ ಜರಡಿಗಳಲ್ಲೂ ವ್ಯತ್ಯಾಸವಿದೆ. ಒಂದು ಗಂಟೆಯ ಪುಟ್ಟ ಕೆಲಸ ಕೊಟ್ಟು ನೋಡಿದರೆ ಆ ವ್ಯಕ್ತಿ ತನ್ನ ಬಗ್ಗೆ ತಾನೇ ಸಾಕ್ಷಿ ಹೇಳಬಹುದು. ಊರು, ಕಾಲೇಜು, ಜಾತಿ, ಲಿಂಗ ನೋಡಿ ಸೋಸಿದರೆ ತನಗೆ ಗೊತ್ತೇ ಇಲ್ಲದ ನೂರಾರು ಜನ ಮಾಡಿದ್ದಕ್ಕೆ ಅವನು ಉತ್ತರ ಕೊಡಬೇಕಾಗುತ್ತದೆ. ಕೇಳಿ ತಿಳಿಯುವುದು ಅಸಾಧ್ಯವಾದಲ್ಲಿ ಸರಾಸರಿಯನ್ನು ನೆಚ್ಚುವುದು ಅನಿವಾರ್ಯ. ಅರ್ಧ ಗಂಟೆಯಲ್ಲಿ ಕೇಳಿ ತಿಳಿಯಬಹುದಾದಲ್ಲಿ ಅದನ್ನೇ ನೆಚ್ಚುವುದು ಸೋಮಾರಿತನ, ಅನ್ಯಾಯವೂ ಹೌದು.

ಪರೀಕ್ಷೆಯ ಈ ಪ್ರಶ್ನೆಗಳಲ್ಲಿ ಹಲವು ಬಾರಿ ಕೊನೆಗೊಂದು ಆಯ್ಕೆ ಇರುತ್ತದೆ: "ಕೊಟ್ಟಿರುವ ಮಾಹಿತಿ ಸಾಲದು." ಅದನ್ನು ಗುರುತು ಮಾಡಿದರೆ ಅಂಕ ಸಿಗುತ್ತದೆ. ಕಚೇರಿಯಲ್ಲಿ, ಹೌಸಿಂಗ್ ಸೊಸೈಟಿಯ ಸಭೆಯಲ್ಲಿ, ಹೆಣ್ಣು ಗಂಡು ನೋಡುವ ಮಾತುಕತೆಯಲ್ಲಿ ಅದೇ ಉತ್ತರ ಕೊಟ್ಟರೆ ನಿರ್ಧಾರ ಮಾಡಲಾರದವರು ಎನಿಸಿಕೊಳ್ಳುತ್ತೇವೆ. ಎನಿಸಿಕೊಂಡರೂ ಪರವಾಗಿಲ್ಲ. ಮಾಹಿತಿ ಸಾಲದು ಎಂದು ಒಪ್ಪಿಕೊಂಡವರು ಮಾತ್ರ ಎದುರಿಗಿರುವವರನ್ನು "ನೀವು ಹೇಳಿ" ಎಂದು ಕೇಳುತ್ತಾರೆ.