ಬಿಚ್ಚಿಟ್ಟರೆ ಹಡಗು ಎಲ್ಲಿ ಹೋಗುತ್ತದೆ?



ಕಳೆದ ವಾರ ನಮ್ಮ ಬಳಗದಲ್ಲಿ ನಾಗಸೇನ ಭಂತೆಯವರ ರಥದ ಪ್ರಸಂಗ ಓದಿದೆವು. ಅರಸ ಮಿಲಿಂದ ತಾನು ರಥದಲ್ಲಿ ಬಂದೆ ಎನ್ನುತ್ತಾನೆ. ಹಾಗಾದರೆ ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ ಎಂದು ಭಂತೆ ಒಂದೊಂದಾಗಿ ಕೇಳುತ್ತಾ ಹೋಗುತ್ತಾರೆ. ಯಾವುದೂ ಅಲ್ಲ. ಇವನ್ನೆಲ್ಲ ಬಿಟ್ಟು ಬೇರೊಂದು ರಥ ಇದೆಯೇ ಎಂದರೆ ಅದೂ ಇಲ್ಲ. ಓದು ಮುಗಿದ ಮೇಲೆ ಗುಂಪಿಗೆ ಬಂದ ಸಂದೇಶಗಳಲ್ಲಿ ಹೆಚ್ಚಿನವು "ಹಾಗಾದರೆ ಏನೂ ಇಲ್ಲ" ಎಂಬ ಧಾಟಿಯವು. ಒಬ್ಬರು "ಎಲ್ಲ ಶೂನ್ಯ" ಎಂದು ಬರೆದು ಕೈಮುಗಿದ ಚಿತ್ರ ಹಾಕಿದ್ದರು.

ನನಗೆ ಈ ತೀರ್ಮಾನ ಸ್ವಲ್ಪ ಅವಸರದ್ದು ಅನ್ನಿಸುತ್ತದೆ. ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ರಥವನ್ನು ನಾವ್ಯಾರೂ ಬಿಚ್ಚಿ ನೋಡಿದವರಲ್ಲ, ಆದ್ದರಿಂದ ನಾನು ಹತ್ತಿರದಿಂದ ಕಂಡ ಒಂದು ಹಡಗಿನ ಮೂಲಕ ಯೋಚಿಸುತ್ತೇನೆ. ಹಡಗು ಎಂದರೆ ನೀರಿಗಿಳಿಯುವಂಥದ್ದಲ್ಲ, ಮಕ್ಕಳು ಆಡುವ ಲೆಗೊ ಇಟ್ಟಿಗೆಗಳಿಂದ ಕಟ್ಟುವ ಟೈಟಾನಿಕ್.

ಮಕ್ಕಳ ಆಟ ಎಂದೆನಾದರೂ ಇದು ದೊಡ್ಡವರಿಗೆಂದೇ ಮಾಡಿದ್ದು. 2021ರಲ್ಲಿ ಬಂದ ಈ ಮಾದರಿಯಲ್ಲಿ 9,090 ತುಂಡುಗಳಿವೆ. ನಿಜವಾದ ಹಡಗು 269 ಮೀಟರ್ ಉದ್ದವಿತ್ತು. ಇದು ಅದರ ಇನ್ನೂರರಲ್ಲೊಂದು ಪಾಲು, ಅಂದರೆ 135 ಸೆಂಟಿಮೀಟರ್. ನಮ್ಮ ಮನೆಗಳ ಶೋಕೇಸಿನಲ್ಲಿ ಹಿಡಿಸುವ ವಸ್ತುವಲ್ಲ. ಮೂರು ಭಾಗವಾಗಿ ಕಟ್ಟಿ ಜೋಡಿಸಬೇಕು. ಬಿಡಿಸಿದರೆ ಒಳಗಿನ ದೊಡ್ಡ ಮೆಟ್ಟಿಲು, ಬಾಯ್ಲರ್ ಕೋಣೆ ಎಲ್ಲ ಕಾಣುತ್ತವೆ. ಬೆಲೆ ಕೇಳಿದರೆ ನಮ್ಮಂಥವರ ಎದೆ ಧಸಕ್ಕೆನ್ನುತ್ತದೆ. ಒಳ್ಳೆಯದೊಂದು ಹಳೆಯ ಸ್ಕೂಟರ್ ಸಿಗುವಷ್ಟು. ಮೈಸೂರಿನಲ್ಲಿದ್ದ ನನ್ನ ಅಣ್ಣನಿಗೆ ಅದನ್ನು ವಿದೇಶದಲ್ಲಿರುವ ಅವನ ಮಗಳು ಕಳಿಸಿದ್ದಳು. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಫಿಟರ್ ಆಗಿದ್ದವನು ನಿವೃತ್ತನಾಗಿ ಕೈ ಸುಮ್ಮನಿರದೆ ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದ. ನಲ್ಲಿಗಳನ್ನು ಉಳಿಸಲೆಂದೇ ಮಗಳು ಅದನ್ನು ಕಳಿಸಿದಳು ಅಂತ ಅತ್ತಿಗೆ ತಮಾಷೆ ಮಾಡುತ್ತಿದ್ದರು.

ಅಣ್ಣ ಬುದ್ಧ, ಧಮ್ಮ ಅಂತ ತಲೆ ಕೆಡಿಸಿಕೊಂಡವನಲ್ಲ. ನಾಗಸೇನರ ಪ್ರಶ್ನೆಗೆ ನಾನು ಕಂಡ ಅತ್ಯುತ್ತಮ ಟಿಪ್ಪಣಿ ಮಾತ್ರ ಅವನದೇ. ಟೈಟಾನಿಕ್‌ಗೆ ನಾಲ್ಕು ಚಿಮಣಿಗಳು. ಬಾಯ್ಲರುಗಳ ಹೊಗೆ ಹೋಗುತ್ತಿದ್ದುದು ಮೊದಲ ಮೂರರಲ್ಲಿ. ನಾಲ್ಕನೆಯದು ಮುಖ್ಯವಾಗಿ ಗಾಳಿಯಾಡುವುದಕ್ಕೆ, ಜೊತೆಗೆ ನೋಟಕ್ಕೆ. ಮಾದರಿಯಲ್ಲೂ ನಾಲ್ಕಿವೆ. ಅಣ್ಣ ಆ ನಾಲ್ಕನೆಯದನ್ನು ಕೈಯಲ್ಲಿ ಹಿಡಿದುಕೊಂಡು, "ನೋಡು, ಕೆಲಸಕ್ಕೆ ಬಾರದ್ದು ಇದೊಂದೇ. ಆದರೆ ಇದನ್ನ ತೆಗೆದರೆ ಯಾರೂ ಟೈಟಾನಿಕ್ ಅಂತ ಗುರುತಿಸೋದಿಲ್ಲ" ಎಂದಿದ್ದ. ಹೆಸರು ಅಂಟಿಕೊಳ್ಳುವುದು ಎಲ್ಲಿಗೆ ಎಂಬುದನ್ನು ನೋಡಿ. ಎಂಜಿನ್ನಿಗಲ್ಲ, ತಳಕ್ಕಲ್ಲ, ನಮ್ಮ ಕಣ್ಣಿನ ರೂಢಿಗೆ. ನಾಗಸೇನರೂ ರಥ ಇಲ್ಲ ಎನ್ನಲಿಲ್ಲ. ಬಿಡಿಭಾಗಗಳನ್ನು ಆಧರಿಸಿ ರಥ ಎಂಬ ವ್ಯವಹಾರದ ಹೆಸರು ನಡೆಯುತ್ತದೆ ಎಂದರು, ಅಷ್ಟೇ. ಮಿಲಿಂದ ಬಂದದ್ದಂತೂ ಆ ರಥದಲ್ಲೇ, ನಡೆದುಕೊಂಡಲ್ಲ. ಹೆಸರಿನ ಆಚೆ ಗಟ್ಟಿ ತಿರುಳು ಇಲ್ಲ ಎನ್ನುವುದಕ್ಕೂ ಏನೂ ಇಲ್ಲ ಎನ್ನುವುದಕ್ಕೂ ಅಜಗಜಾಂತರ.

ಈ ಇಟ್ಟಿಗೆಗಳಲ್ಲಿ ಆ ಮಾತು ಇನ್ನೂ ಸ್ಪಷ್ಟ. ಎಂಟು ಗುಬಟಿನ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಎಣಿಸಿದ್ದಾರೆ: 91 ಕೋಟಿಗೂ ಹೆಚ್ಚು. ಹಾಗಾದರೆ ಒಂದು ಇಟ್ಟಿಗೆ ಯಾವ ಹಡಗಿನದು? ಯಾವುದರದ್ದೂ ಅಲ್ಲ. 1958ರ ವಿನ್ಯಾಸದ ಇಟ್ಟಿಗೆ ಇವತ್ತಿನದಕ್ಕೂ ಕೂಡುತ್ತದೆ. ಅದಕ್ಕೆ ತಾನು ಟೈಟಾನಿಕ್ ಎಂಬ ಅಭಿಮಾನವೇ ಇಲ್ಲ. ಅಭಿಮಾನ ಇರುವುದು ಕಟ್ಟಿದವರಿಗೆ, ಉಳಿದ ನಮಗೆ.

ಇಲ್ಲಿ ಒಂದು ಮಾತು. ಇಂಥ ಕೆಲಸವನ್ನು ಕಂಡ ಕೂಡಲೇ "ಇದೇ ಧ್ಯಾನ" ಎಂದು ಬಿಡುವ ಚಾಳಿ ಈಚೆಗೆ ಹೆಚ್ಚಾಗಿದೆ. ನಾನು ಹಾಗೆನ್ನಲಾರೆ. ಏಕಾಗ್ರತೆಯೊಂದೇ ಕುಶಲವಲ್ಲ, ಗುರಿಯಿಟ್ಟು ಹಕ್ಕಿ ಹೊಡೆಯುವವನಿಗೂ ಏಕಾಗ್ರತೆ ಇರುತ್ತದೆ. ಅಣ್ಣನಲ್ಲಿ ನನಗೆ ಹಿಡಿಸಿದ್ದು ಬೇರೆ. ಹಡಗಿನ ಮೈಗೆ ಒಂದೇ ಥರದ ಕಿಟಕಿಗಳ ಸಾಲು, ಒಂದೇ ಕೆಲಸ ನೂರಾರು ಸಲ. ಒಮ್ಮೆ ಒಂದು ತುಂಡು ಒಂದು ಗುಬಟು ಆಚೆ ಕೂತದ್ದು ಎರಡು ದಿನ ಕಳೆದ ಮೇಲೆ ಗೊತ್ತಾಯಿತು. ಅವನು ಬೈಯಲಿಲ್ಲ, ನಿಟ್ಟುಸಿರು ಬಿಡಲಿಲ್ಲ. ಅಲ್ಲಿಯವರೆಗೆ ಬಿಚ್ಚಿ, ಕಾಫಿ ಕುಡಿದು, ಮತ್ತೆ ಕಟ್ಟಿದ. ಬಿಚ್ಚುವುದೂ ಅವನಿಗೆ ಕಟ್ಟುವುದರ ಒಂದು ಭಾಗವೇ ಆಗಿತ್ತು.

ಮುಳುಗಿದ ಹಡಗನ್ನು ಆಟಿಕೆ ಮಾಡುವುದು ಸರಿಯೇ ಎಂದೂ ಅವನನ್ನು ಕೇಳಿದ್ದೆ. 1912ರ ಏಪ್ರಿಲ್ 15ರಂದು ಸತ್ತವರು ಸುಮಾರು ಸಾವಿರದೈನೂರು ಜನ. ಹಡಗಿನಲ್ಲಿದ್ದವರು ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು. ಇದ್ದದ್ದು ಇಪ್ಪತ್ತು ಜೀವರಕ್ಷಕ ದೋಣಿಗಳು, ತುಂಬಿ ತುಳುಕಿಸಿದರೂ 1,178 ಜನರಿಗೆ ಮಾತ್ರ ಜಾಗ. ಅಣ್ಣ ಈ ಲೆಕ್ಕವನ್ನು ಬಲ್ಲವನಾಗಿದ್ದ. ಅವನೆಂದದ್ದು: "ನಾನು ಕಟ್ತಿರೋದು ಮುಳುಗಿದ ಹಡಗಲ್ಲ ಕಣೋ, ಹೊರಟ ಹಡಗು." ಬೆಲ್ಫಾಸ್ಟ್‌ನಲ್ಲಿ ಅದಕ್ಕೆ ರಿವೆಟ್ ಹೊಡೆದ ಕೆಲಸಗಾರರನ್ನು ಅವನು ತನ್ನ ಜೊತೆಯವರೆಂದೇ ಭಾವಿಸಿದ್ದ. ಆ ಉತ್ತರ ನನಗೆ ಒಪ್ಪಿಗೆ.

ಎರಡು ಭಾಗ ಮುಗಿಯಿತು. ಮೂರನೆಯದರ ಚೀಲಗಳನ್ನು ಒಡೆಯುವ ಮೊದಲೇ, ಹೋದ ಮಾಘದಲ್ಲಿ, ಒಂದು ಬೆಳಗಿನ ಜಾವ ಅಣ್ಣ ನಿದ್ದೆಯಲ್ಲೇ ಹೋದ.

ನಾವು ಅನಿತ್ಯ ಎಂದಾಗ ವಸ್ತುಗಳು ಕರಗುವುದನ್ನೇ ನೆನೆಯುತ್ತೇವೆ. ಈ ಪ್ಲಾಸ್ಟಿಕ್ ಹಾಗೆ ಕರಗುವಂಥದ್ದಲ್ಲ. 1997ರಲ್ಲಿ ಟೋಕಿಯೊ ಎಕ್ಸ್‌ಪ್ರೆಸ್ ಎಂಬ ಸರಕು ಹಡಗಿಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಬಳಿ ದೊಡ್ಡ ಅಲೆಯೊಂದು ಅಪ್ಪಳಿಸಿ 62 ಕಂಟೇನರುಗಳು ಕಡಲು ಪಾಲಾದವು. ಅವುಗಳಲ್ಲೊಂದರಲ್ಲಿ ಸುಮಾರು 48 ಲಕ್ಷ ಲೆಗೊ ತುಂಡುಗಳಿದ್ದವು. ಅವು ಇಂದಿಗೂ ದಡಕ್ಕೆ ಬಂದು ಬೀಳುತ್ತಿವೆ. ಇಂಥ ಇಟ್ಟಿಗೆ ಕಡಲಿನಲ್ಲಿ ನೂರರಿಂದ ಸಾವಿರದ ಮುನ್ನೂರು ವರ್ಷ ಉಳಿಯಬಹುದೆಂದು ಪ್ಲಿಮತ್ ವಿಶ್ವವಿದ್ಯಾಲಯದವರು 2020ರಲ್ಲಿ ಅಂದಾಜು ಮಾಡಿದರು. ಕಟ್ಟುವವನ ಆಯುಸ್ಸು ಅದರ ಮುಂದೆ ಏನು? ಇಲ್ಲಿ ಇಟ್ಟಿಗೆ ಉಳಿಯುತ್ತದೆ, ಕೈ ಹೋಗುತ್ತದೆ.

ಕರ್ಮಾಂತರ ಮುಗಿದ ಮೇಲೆ ಹಡಗಿನ ಮಾತು ಬಂತು. ಮಗಳು ಅದನ್ನು ಪೂರ್ತಿ ಮಾಡಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದಳು. ಅತ್ತಿಗೆ ಹೇಗಿದೆಯೋ ಹಾಗೇ ಇರಲಿ, ಯಾರೂ ಮುಟ್ಟಬೇಡಿ ಎಂದರು. ನಮ್ಮ ಬಂಧುಗಳಲ್ಲಿ ತುಂಬ ಓದಿಕೊಂಡ ಒಬ್ಬರಿದ್ದಾರೆ. ಅವರು ಅತ್ತಿಗೆಯ ಎದುರಿಗೇ ನನಗೆ ಹೇಳಿದರು: "ದಿನಾ ಅನಿತ್ಯದ ಬಗ್ಗೆ ಬರೆಯೋರು ನೀವು. ಬೈಲಕುಪ್ಪೆಯ ಭಿಕ್ಷುಗಳು ಅಷ್ಟು ದಿನ ಕೂತು ಬಣ್ಣದ ಮರಳಿನ ಮಂಡಲ ಮಾಡಿ ಕೊನೆಗೆ ಗುಡಿಸಿ ನೀರಿಗೆ ಬಿಡೋದಿಲ್ವಾ? ಬಿಚ್ಚಿ ಹಾಕಿ. ಇದಕ್ಕಿಂತ ಒಳ್ಳೆ ಪಾಠ ಯಾವುದು?"

ಅತ್ತಿಗೆ ಎದ್ದು ಒಳಗೆ ಹೋದರು.

ಆ ಮಾತಿಗೆ ನಾನು ಅಂದು ಹೇಳಿದ್ದನ್ನೂ ಆಮೇಲೆ ಯೋಚಿಸಿದ್ದನ್ನೂ ಇಲ್ಲಿ ಸೇರಿಸಿ ಬರೆಯುತ್ತಿದ್ದೇನೆ, ಏಕೆಂದರೆ ಇದು ನಮ್ಮ ಮನೆಯೊಂದರದೇ ಪ್ರಶ್ನೆಯಲ್ಲ. ತೀರಿಕೊಂಡವರ ಕನ್ನಡಕ, ಪಂಚೆ, ಅರ್ಧ ಹೆಣೆದ ಸ್ವೆಟರ್ ಎಲ್ಲ ಮನೆಗಳಲ್ಲೂ ಇರುತ್ತವೆ. "ಇನ್ನೂ ಯಾಕೆ ಇಟ್ಕೊಂಡಿದೀರಿ" ಎನ್ನುವವರೂ ಇರುತ್ತಾರೆ.

ಮಂಡಲವನ್ನು ಗುಡಿಸುವವರು ಅದನ್ನು ಮಾಡಿದವರೇ. ಮೊದಲ ಚಿಟಿಕೆ ಮರಳು ಹಾಕುವಾಗಲೇ ಗುಡಿಸುವುದು ತಿಳಿದಿರುತ್ತದೆ. ಬೈಲಕುಪ್ಪೆಯವರೆಗೂ ಹೋಗುವುದು ಬೇಡ. ನಮ್ಮ ಅವ್ವಂದಿರು ಬಾಗಿಲ ಮುಂದೆ ರಂಗೋಲಿ ಹಾಕಿ ಮಾರನೆಯ ದಿನ ತಾವೇ ನೀರು ಹಾಕಿ ಸಾರಿಸುತ್ತಿದ್ದರು, ಯಾರೂ ಅತ್ತದ್ದಿಲ್ಲ. ಆದರೆ ಪಕ್ಕದ ಮನೆಯ ರಂಗೋಲಿಯನ್ನು ಕಾಲಿನಿಂದ ಒರೆಸಿ "ಅನಿತ್ಯ ಕಲಿಸಿದೆ" ಎಂದು ಹೇಳಿ ನೋಡಿ.

ಸಂಯುತ್ತ ನಿಕಾಯದಲ್ಲಿ ಬುದ್ಧರು ರಾಧ ಎಂಬ ಭಿಕ್ಖುವಿಗೆ ಮಕ್ಕಳ ಮಣ್ಣಿನ ಮನೆಯ ಹೋಲಿಕೆ ಹೇಳುತ್ತಾರೆ. ಮಕ್ಕಳಿಗೆ ಆ ಮನೆಗಳ ಮೇಲೆ ಆಸೆ ಇರುವ ತನಕ ಅವನ್ನು ಕಾಪಾಡಿಕೊಳ್ಳುತ್ತಾರೆ, ನನ್ನದು ಎನ್ನುತ್ತಾರೆ. ಆಸೆ ಹೋದ ಮೇಲೆ ತಾವೇ ಕೈಕಾಲಿನಿಂದ ಕೆಡವಿ ಚೆಲ್ಲಾಡುತ್ತಾರೆ. ಈ ಸುತ್ತವನ್ನು ಎಲ್ಲರೂ ಕೆಡವುವ ಭಾಗಕ್ಕಾಗಿ ನೆನಪಿಟ್ಟುಕೊಳ್ಳುತ್ತಾರೆ. ನನ್ನ ಕಣ್ಣು ಅದರ ಕ್ರಮದ ಮೇಲೆ ನಿಲ್ಲುತ್ತದೆ. ಮೊದಲು ಆಸೆ ಹೋಗುತ್ತದೆ, ಆಮೇಲೆ ಮನೆ ಬೀಳುತ್ತದೆ. ಆಸೆ ಇರುವಾಗಲೇ ಇನ್ನೊಬ್ಬರು ಬಂದು ಕೆಡವಿದರೆ ಆಸೆ ಹೋಗುವುದಿಲ್ಲ, ಅದರ ಜೊತೆಗೆ ಸಿಟ್ಟೂ ಸೇರಿಕೊಳ್ಳುತ್ತದೆ. ಮಣ್ಣಿನ ಮನೆ ಕಳೆದುಕೊಂಡ ಯಾವ ಮಗುವನ್ನು ಬೇಕಾದರೂ ಕೇಳಿ.

ಹಾಗಾದರೆ ಆಸೆ ತಾನಾಗಿ ಹೋಗಲಿ ಎಂದು ಕಾಯುತ್ತಾ ಕೂರಬೇಕೇ, ಅದು ಅಂಟಿಗೆ ಕೊಟ್ಟ ರಹದಾರಿ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬುದ್ಧರು ರಾಧನಿಗೆ ಸುಮ್ಮನಿರು ಎನ್ನುವುದಿಲ್ಲ. ತೃಷ್ಣೆಯನ್ನು ಕಳೆಯಲು ಶ್ರಮಿಸು ಎಂದೇ ಹೇಳುತ್ತಾರೆ. ಆದರೆ ಹೇಳಿದ್ದು ರಾಧನಿಗೆ, ರಾಧನ ಆಸೆಯ ಬಗ್ಗೆ. ಆ ಲೆಕ್ಕದಲ್ಲಿ ನನಗೆ ಸಿಕ್ಕುವ ಕೆಲಸ ಅತ್ತಿಗೆಯ ಅಂಟನ್ನು ಬಿಡಿಸುವುದಲ್ಲ, ನನ್ನದನ್ನು ನೋಡಿಕೊಳ್ಳುವುದು. ನನಗೂ ಒಂದು ಇತ್ತು: ಹಡಗು ಪೂರ್ತಿಯಾಗಿ ನಿಲ್ಲಬೇಕು, ಅಣ್ಣ ಅರ್ಧಕ್ಕೆ ಬಿಟ್ಟು ಹೋದ ಅಂತ ಕಾಣಬಾರದು. ಆದರೆ ಏಳು ತಿಂಗಳು ಅವನು ಮಾಡಿದ್ದು ಅರ್ಧ ಕೆಲಸವೇನಲ್ಲ. ಪ್ರತಿ ಸಂಜೆಯೂ ಅವನು ಆ ಸಂಜೆಯಷ್ಟನ್ನು ಪೂರ್ತಿ ಮಾಡಿಯೇ ಎದ್ದಿದ್ದ.

ಕೊನೆಗೆ ಮಾತು ಮುಂದುವರಿದದ್ದು ಯಾವ ಸುತ್ತದಿಂದಲೂ ಅಲ್ಲ, ಇಡ್ಲಿ ತಟ್ಟೆಗಳಿಂದ. ಸಣ್ಣ ತುಂಡುಗಳನ್ನು ಬಣ್ಣವಾರು ಬೇರ್ಪಡಿಸಲು ಅಣ್ಣ ಅತ್ತಿಗೆಯ ಇಡ್ಲಿ ತಟ್ಟೆಗಳನ್ನು ಎತ್ತಿಕೊಂಡಿದ್ದ. ಹೆಚ್ಚಿಗೆ ಬಂದ ಚೂರುಗಳು ಅದರ ಗುಳಿಗಳಲ್ಲಿ ಹಾಗೇ ಕೂತಿದ್ದವು. ಯುಗಾದಿಯ ಹೊತ್ತಿಗೆ ಮಗಳು ಬಂದಾಗ ಇಡ್ಲಿ ಮಾಡಬೇಕಾಯಿತು. ಅತ್ತಿಗೆ ಒಬ್ಬರೇ ಕೂತು ಗುಳಿಗಳಿಂದ ಚೂರುಗಳನ್ನು ಒಂದೊಂದಾಗಿ ತೆಗೆದು ಹಾರ್ಲಿಕ್ಸ್ ಬಾಟಲಿಗೆ ಹಾಕಿದರು. ಆ ಕೆಲಸಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ನಾವ್ಯಾರೂ ಸಹಾಯಕ್ಕೆ ಹೋಗಲಿಲ್ಲ, ಅವರು ಕರೆಯಲೂ ಇಲ್ಲ.

ಒಂದೆರಡು ವಾರ ಕಳೆದ ಮೇಲೆ, ಒಡೆಯದಿದ್ದ ಆ ಚೀಲಗಳನ್ನು ಅವರು ಕೆಳಗಿನ ಮನೆಯ ಎಂಟು ವರ್ಷದ ಹುಡುಗನಿಗೆ ಕೊಟ್ಟರು. ಯಾರನ್ನೂ ಕೇಳಲಿಲ್ಲ. ಕಟ್ಟಿದ ಎರಡು ಭಾಗಗಳು ಮೇಜಿನ ಮೇಲೇ ಇವೆ. ದಿನವೂ ಹಳೆಯ ಪೇಂಟ್ ಬ್ರಷ್ಷಿನಿಂದ ಧೂಳು ತೆಗೆಯುತ್ತಾರೆ. ಅಣ್ಣನ ಕೈ ತಗುಲಿದ್ದು ಉಳಿಯಿತು, ತಗುಲದೇ ಇದ್ದದ್ದು ಹೊರಟಿತು. ಇದು ಅಂಟೋ ಬಿಡುಗಡೆಯೋ ಎಂದು ಅಳೆಯುವ ಗೋಜಿಗೆ ನಾನು ಹೋಗಿಲ್ಲ.

ಹುಡುಗನಿಗೆ ಕಟ್ಟುವ ವಿಧಾನದ ಪುಸ್ತಕ ಬೇಕಿರಲಿಲ್ಲ. ತಳಕ್ಕೆಂದಿದ್ದ ಗಾಢ ಕೆಂಪು ಇಟ್ಟಿಗೆಗಳು ಬೇಕಾದಷ್ಟು ಸಿಕ್ಕಿದ್ದರಿಂದ ಅವನು ಸಾರಿಗೆ ಬಸ್ಸು ಕಟ್ಟಿದ. ಸರಿಯಾದ ಗಾಲಿ ಸಿಗದೆ ಯಾವುದೋ ದುಂಡನೆಯ ತುಂಡುಗಳನ್ನು ಅಂಟಿಸಿದ್ದಾನೆ, ಅವು ತಿರುಗುವುದಿಲ್ಲ. ಮೇಲೆ ತಂದು ತೋರಿಸಿದಾಗ ಅತ್ತಿಗೆ ಕನ್ನಡಕ ಹಾಕಿಕೊಂಡು ಸುತ್ತಲೂ ನೋಡಿ, "ಎಲ್ಲಿಗಪ್ಪಾ ಹೋಗುತ್ತೆ ಈ ಬಸ್ಸು?" ಅಂತ ಕೇಳಿದರು.

"ನಂಜನಗೂಡಿಗೆ ಅಜ್ಜಿ," ಅಂದ. "ಸೀಟಿದೆ, ಬನ್ನಿ."