ಮೆಚ್ಚುಗೆಯ ಲೆಕ್ಕ

ಫೇಸ್‌ಬುಕ್‌ಗೆ ಲೈಕ್ ಗುಂಡಿ ಬಂದದ್ದು 2009ರಲ್ಲಿ. ಅದಕ್ಕೂ ಮುಂಚೆ ಮೆಚ್ಚುಗೆ ಇರಲಿಲ್ಲವೇ? ಇತ್ತು, ಎಣಿಕೆ ಇರಲಿಲ್ಲ.

ಹಕ್ಕಿ ನೋಡುವ ಹವ್ಯಾಸವನ್ನೇ ತೆಗೆದುಕೊಳ್ಳಿ. ಮಿಂಚುಳ್ಳಿಯ ಚಿತ್ರಕ್ಕೆ ನೂರಾರು ಲೈಕು. ಪೊದೆಯೊಳಗಿನ ಮಣ್ಣುಬಣ್ಣದ ಉಲಿಯಕ್ಕಿಗಾಗಿ ಬೆಳಗೆಲ್ಲ ಕಾದು ಕೂತವರ ಚಿತ್ರಕ್ಕೆ ನಾಲ್ಕು. ಎಣಿಕೆ ಅಳೆಯುವುದು ಹಕ್ಕಿಯ ಬಣ್ಣವನ್ನು, ನೋಡಿದವರ ತಾಳ್ಮೆಯನ್ನಲ್ಲ.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಎಣಿಕೆಯ ರುಚಿ ಹತ್ತಿದ ಕೆಲವರು ಗೂಡಿನ ಹತ್ತಿರವೇ ಹೋಗುತ್ತಾರೆ, ಅಡ್ಡ ಬಂದ ಕೊಂಬೆ ಕಡಿಯುತ್ತಾರೆ. ಮರೆ ತಪ್ಪಿದ ಮರಿಗಳು ಕಾಗೆಯ ಕಣ್ಣಿಗೆ ಬೀಳುತ್ತವೆ. ಲೈಕ್ ಒತ್ತಿದವರಿಗೆ ಇದು ಕಾಣುವುದಿಲ್ಲ. ಆದರೂ ಅದರಲ್ಲಿ ಅವರ ಪಾಲಿದೆ.

ಲೈಕ್ ಕೆಟ್ಟದ್ದೆಂದಲ್ಲ. ಹೊಸಬರಿಗೆ ಅದು ‘ನೋಡಿದೆವು, ಬನ್ನಿ’ ಎಂಬ ಸ್ವಾಗತ. ಆದರೆ ‘ಇದರ ಹುಬ್ಬಿನ ಗೆರೆ ಗಮನಿಸಿದಿರಾ?’ ಎಂದು ಕೇಳಿದವರು ಅದಕ್ಕಿಂತ ದೊಡ್ಡದನ್ನು ಕೊಟ್ಟಿರುತ್ತಾರೆ: ತಾವೂ ನಿಂತು ನೋಡಿರುತ್ತಾರೆ.