ಒಬ್ಬನೇ ಹೋದವನ ಕರ್ಮ ಯಾರದು

ಅರಿಯದೆ ಮಾಡಿದ ತಪ್ಪಿನ ಪಾಪ ಯಾರಿಗೆ ಅಂಟುತ್ತದೆ? ಮಠದ ಪ್ರವಚನದಲ್ಲಿ ಈ ಪ್ರಶ್ನೆ ಬಂದರೆ ಹಿರಿಯರು ತಲೆದೂಗಿ ಮನೆಗೆ ಹೋಗುತ್ತಾರೆ. ನನಗೆ ಅದು ಪ್ರತಿ ಬೇಸಿಗೆಯಲ್ಲೂ ಫೋನಿನಲ್ಲಿ ಬರುತ್ತದೆ. ಧಾರವಾಡ ಜಿಲ್ಲೆಯ ಸರ್ಕಾರಿ ಐಟಿಐ ಒಂದರಲ್ಲಿ ಫ್ರಿಜ್ಜು, ಎಸಿ ರಿಪೇರಿಯ ಟ್ರೇಡ್ ಕಲಿಸಿ ನಿವೃತ್ತನಾದವನು ನಾನು. ಎರಡು ವರ್ಷದ ಆ ಕೋರ್ಸ್ ಮುಗಿಸಿದ ಹುಡುಗರು ಬೆಂಗಳೂರಿಗೆ ಹೋಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಕೆಲಸ ಮೈಮೇಲೆ ಬೀಳುತ್ತದೆ. ಕಂಪನಿಯವರು ಗೇಜು, ಸಿಲಿಂಡರ್ ಕೈಗೆ ಕೊಟ್ಟು ಒಬ್ಬೊಬ್ಬರನ್ನೇ ಮನೆಮನೆಗೆ ಅಟ್ಟುತ್ತಾರೆ.

“ಸರ್, ಸಜ್ಜಾದ ಮ್ಯಾಲ ನಿಂತೇನ್ರಿ. ಸಕ್ಷನ್ ಪ್ರೆಷರ್ ಭಾಳ ಕಡಿಮಿ ತೋರ್ಸಾಕತ್ತೈತಿ. ಗ್ಯಾಸ್ ಹಾಕ್ಲೇನ್ರಿ?”

“ಯಾವ ಗ್ಯಾಸಿನ ಮಷಿನ್ ಅದು? ನೇಮ್ ಪ್ಲೇಟ್ ನೋಡಿಯೇನಪಾ?”

“ಇನ್ನಾ ನೋಡಿಲ್ರಿ.”

“ಒಳಗ ಫಿಲ್ಟರ್ ತಗದು ನೋಡಿದಿ?”

ಅದಕ್ಕೂ ಉತ್ತರ ಬರುವುದಿಲ್ಲ. ಹುಡುಗ ದಡ್ಡನಲ್ಲ. ಗೇಜಿನ ಮುಳ್ಳು ಒಂದು ಅಂಕಿ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಗ್ಯಾಸು ಸೋರಿದರೂ ಒತ್ತಡ ಇಳಿಯುತ್ತದೆ, ಫಿಲ್ಟರಿನಲ್ಲಿ ಧೂಳು ಕಟ್ಟಿ ಕಾಯಿಲ್ ಮೇಲೆ ಗಾಳಿ ಹಾಯದಿದ್ದರೂ ಇಳಿಯುತ್ತದೆ, ಕ್ಯಾಪಿಲರಿ ಕಟ್ಟಿಕೊಂಡರೂ ಇಳಿಯುತ್ತದೆ. ಧೂಳಿನ ರೋಗಕ್ಕೆ ಗ್ಯಾಸು ತುಂಬಿದರೆ ದ್ರವ ಹಿಮ್ಮರಳಿ ಕಂಪ್ರೆಸರ್ ಹಾಳಾಗುತ್ತದೆ. ಆರ್-22 ಗ್ಯಾಸಿನ ಹಳೆಯ ಮಷಿನ್‌ನಲ್ಲಿ 70 ಪಿಎಸ್‌ಐ ಸರಿಯಾದದ್ದು. ಆರ್-32ರಲ್ಲಿ ಸುಮಾರು 120 ಬೇಕು. ಆರ್-32 ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಆರ್-290 ಎಂದರೆ ಸಾಕ್ಷಾತ್ ಪ್ರೊಪೇನ್, ಅಡುಗೆ ಅನಿಲದ ಜಾತಿಯದು. ಲೀಕ್ ಹುಡುಕಲು ಒಣ ನೈಟ್ರೋಜನ್ ತುಂಬಬೇಕು. ಅದು ಸಿಗಲಿಲ್ಲವೆಂದು ಆಕ್ಸಿಜನ್ ತುಂಬಿದರೆ ಒಳಗಿನ ಎಣ್ಣೆ ಸ್ಫೋಟಿಸುತ್ತದೆ. ಇವೆಲ್ಲ ಪುಸ್ತಕದಲ್ಲಿವೆ. ಆದರೆ ಪುಸ್ತಕದಲ್ಲಿದ್ದುದು ಕೈಗೆ ಇಳಿಯಲು ಪಕ್ಕದಲ್ಲಿ ಇನ್ನೊಬ್ಬ ಬೇಕು.

ಭಗವದ್ಗೀತೆಯ 18ನೆಯ ಅಧ್ಯಾಯ ಕರ್ಮವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಮುಂದೇನಾಗುತ್ತದೆ, ಏನು ನಷ್ಟ, ಯಾರಿಗೆ ಹಿಂಸೆ, ತನ್ನ ಶಕ್ತಿ ಎಷ್ಟು ಎಂಬುದನ್ನು ನೋಡದೆ ಮೋಹದಿಂದ ಕೈಹಾಕಿದ ಕೆಲಸ ಅಲ್ಲಿ ತಾಮಸ. ಬಹಳ ಕಾಲ ನಾನಿದನ್ನು ಕೆಲಸಗಾರನಿಗೆ ಹೇಳಿದ ಮಾತೆಂದೇ ಓದಿದೆ. ಈಗ ಓದಿದಾಗಲೆಲ್ಲ ಒಂದೇ ತಕರಾರು ಏಳುತ್ತದೆ: ಈ ಕೆಲಸಕ್ಕೆ ಕೈಹಾಕಿದವರು ಯಾರು? ಹುಡುಗನಿಗೆ ತನ್ನ ಶಕ್ತಿ ಗೊತ್ತು, ಆದ್ದರಿಂದಲೇ ಫೋನ್ ಮಾಡಿದ. ಅವನ ಶಕ್ತಿಯನ್ನು ಅಳೆಯದೆ ಕಳಿಸಿದವರು ಆಫೀಸಿನಲ್ಲಿದ್ದಾರೆ. ಇಬ್ಬರ ಕೂಲಿಯ ಜಾಗದಲ್ಲಿ ಒಬ್ಬನ ಕೂಲಿ ಕೊಟ್ಟು ಉಳಿಸಿದ ಹಣದ ಮೋಹ ಅವರದು. ಇವತ್ತೇ ತಣ್ಣಗಾಗಬೇಕು, ಅಗ್ಗಕ್ಕೂ ಆಗಬೇಕು ಎನ್ನುವ ಮನೆಯವರ ಮೋಹವೂ ಅದರಲ್ಲಿದೆ. ತಾಮಸ ಎಂಬ ಹಣೆಪಟ್ಟಿಯನ್ನು ಸಜ್ಜಾದ ಮೇಲೆ ನಿಂತವನ ಹಣೆಗೆ ಮಾತ್ರ ಅಂಟಿಸುವುದು ಅನ್ಯಾಯ.

ಹಾಗೆಂದು ಅವನ ಪಾಲು ಏನೂ ಇಲ್ಲವೆಂದು ನಾನು ಹೇಳಲಾರೆ. ಹೊಸ ಜೋಡಣೆಯಾದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ, ತೇವ ಎರಡನ್ನೂ ಎಳೆದು ತೆಗೆಯಬೇಕು. ಅರ್ಧ ಗಂಟೆಯಾದರೂ ಬೇಕು. ತೆಗೆಯದಿದ್ದರೂ ಅವತ್ತು ಎಸಿ ತಣ್ಣಗೇ ಬೀಸುತ್ತದೆ. ಮನೆಯವರು ಸಂತೋಷದಿಂದ ಚಹಾ ಕೊಡುತ್ತಾರೆ. ಒಳಗೆ ಉಳಿದ ತೇವ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ನಿಧಾನವಾಗಿ ತಿನ್ನುತ್ತದೆ. ಹಳೆಯ ಆರ್-22 ಅನ್ನು ಬಯಲಿಗೆ ಬಿಟ್ಟರೂ ಯಾರಿಗೂ ಕಾಣುವುದಿಲ್ಲ. 1987ರ ಮಾಂಟ್ರಿಯಲ್ ಒಪ್ಪಂದ ಉಳಿಸಲು ಹೊರಟ ಓಝೋನ್ ಪದರಕ್ಕೆ ಅದು ಪೆಟ್ಟು; ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,800 ಪಟ್ಟು ಬಲಶಾಲಿ. ಈ ತಪ್ಪುಗಳಿಗೆ ಇರುವ ಒಂದೇ ಸಾಕ್ಷಿ ಮನಸ್ಸಾಕ್ಷಿ. ಆದರೆ ಅದೂ ಕಲಿತದ್ದಕ್ಕೆ ಮಾತ್ರ ಸಾಕ್ಷಿ ಹೇಳಬಲ್ಲದು. ತೇವ ಏನು ಮಾಡುತ್ತದೆಂದು ಗೊತ್ತಿಲ್ಲದವನ ಮನಸ್ಸು ಅವನನ್ನು ಚುಚ್ಚುವುದಾದರೂ ಹೇಗೆ?

ಇಲ್ಲಿ ನನಗೆ ಆಯ್ದಕ್ಕಿ ಮಾರಯ್ಯ ನೆನಪಾಗುತ್ತಾನೆ. ಚೆಲ್ಲಿದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ದಿನದಕ್ಕಿಂತ ಹೆಚ್ಚು ಆಯ್ದು ತಂದ, ತಪ್ಪೆಂದು ಅವನಿಗೆ ಹೊಳೆಯಲಿಲ್ಲ. ಹೊಳೆದದ್ದು ಹೆಂಡತಿ ಲಕ್ಕಮ್ಮನಿಗೆ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಆಸೆಯ ವಿರುದ್ಧದ ಕಥೆಯೆಂದು ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಕಾಣುವುದು ಬೇರೆ: ಮಾರಯ್ಯನಂಥ ಶರಣನ ಕಾಯಕಕ್ಕೂ ಇನ್ನೊಬ್ಬರ ಕಣ್ಣು ಬೇಕಾಯಿತು. ಕಲ್ಯಾಣದಲ್ಲಿ ಅಂಬಿಗರು, ಮಡಿವಾಳರು, ಮೇದರು ಕಾಯಕ ಮುಗಿಸಿ ಒಂದೆಡೆ ಕೂಡುತ್ತಿದ್ದರು, ಪರಸ್ಪರ ಪ್ರಶ್ನಿಸುತ್ತಿದ್ದರು. ಆ ಕೂಟವನ್ನು ಬಿಟ್ಟು ಕಾಯಕವನ್ನಷ್ಟೇ ಗೋಡೆಯ ಮೇಲೆ ಬರೆಸಿಕೊಂಡವರು ನಾವು.

ಏಕಲವ್ಯನ ಹೆಸರು ಹೇಳುವವರಿದ್ದಾರೆ. ಯೂಟ್ಯೂಬ್ ನೋಡಿ ಕಲಿಯಲಿ, ಅವನು ಮಣ್ಣಿನ ದ್ರೋಣನ ಮುಂದೆ ಕಲಿಯಲಿಲ್ಲವೇ ಎನ್ನುತ್ತಾರೆ. ಕಲಿಯಲಿ, ನಾನೂ ಆ ವೀಡಿಯೋಗಳನ್ನು ಕಳಿಸುತ್ತೇನೆ. ಆದರೆ ಏಕಲವ್ಯನಿಗೆ ಕಾಡಿತ್ತು. ಅಲ್ಲಿ ನೂರು ಬಾಣ ಗುರಿ ತಪ್ಪಿದರೂ ಮರಕ್ಕೆ ತಗಲುತ್ತಿದ್ದವು. ಈ ಹುಡುಗನ ಮೊದಲ ಬಾಣವೇ ಕೂಸು ಮಲಗಿರುವ ಮನೆಯ ಗೋಡೆಗೆ.

ಹಾಗಾಗಿ ಫೋನ್ ಮಾಡಿದವರಿಗೆಲ್ಲ ಹೇಳುತ್ತೇನೆ: ತಿಳಿಯದ ಕಡೆ ಕೈ ನಿಲ್ಲಿಸಪಾ, ಮನೆಯವರ ಮುಂದೆ ತಿಳಿಯಲಿಲ್ಲ ಅಂತ ಹೇಳು. ಕಳೆದ ಬೇಸಿಗೆಯಲ್ಲಿ ಒಬ್ಬ ಹಾಗೇ ಮಾಡಿದ. “ನನಗ ಇದು ಗೊತ್ತಾಗವಲ್ದು, ನಾಳೆ ಸೀನಿಯರ್ ಕರ್ಕೊಂಡ್ ಬರ್ತೀನ್ರಿ” ಎಂದು ಬಾಗಿಲಲ್ಲಿ ಕೈಮುಗಿದು ಬಂದ. ಮನೆಯವರು ಒಂದೇ ಸ್ಟಾರ್ ಕೊಟ್ಟರು, ಕಂಪನಿ ಆ ದಿನದ ದುಡ್ಡು ಹಿಡಿಯಿತು. ಅವನು ಅಂದು ಮಾಡಿದ್ದೇ ಕಾಯಕ ಎಂದು ನಾನು ದೃಢವಾಗಿ ನಂಬುತ್ತೇನೆ, ಅವನಿಗೂ ಹೇಳಿದೆ. ಆದರೆ ಆ ಸತ್ಯದ ಬೆಲೆಯನ್ನು ತಿಂಗಳ ಸಂಬಳದಲ್ಲಿ ಅವನೊಬ್ಬನೇ ತೆರಬೇಕಾಯಿತು. ಕಳಿಸಿದವರಾಗಲಿ, ಕರೆಸಿಕೊಂಡವರಾಗಲಿ ಅದರಲ್ಲಿ ಪಾಲು ಕೊಡಲಿಲ್ಲ.